ಸಂದರ್ಶನದ ಸಂಜೆ ಬರೆಯುವ ನಾಲ್ಕು ಸಾಲು

ಚಿರಂಜೀವಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಬರುವ ತಿಂಗಳಿನಿಂದ ಲಾ ಫರ್ಮುಗಳ ಸಂದರ್ಶನಗಳು ಆರಂಭವಾಗಲಿವೆಯೆಂದೂ, ಪ್ರತಿಯೊಂದು ಸಂದರ್ಶನ ಮುಗಿದ ಇಪ್ಪತ್ತನಾಲ್ಕು ಗಂಟೆಗಳೊಳಗಾಗಿ ಸಂದರ್ಶಕರಿಗೆ ಕೃತಜ್ಞತಾಪತ್ರ ಬರೆಯತಕ್ಕದ್ದೆಂದು ನಿಮ್ಮ ಕಾಲೇಜಿನ ಉದ್ಯೋಗ ಸಲಹಾ ಕಚೇರಿಯವರು ತಿಳಿಸಿರುವರೆಂದೂ, ಆದರೆ ನಿನ್ನ ಸಹಪಾಠಿಗಳಲ್ಲಿ ಕೆಲವರು ಅದನ್ನು ಕೆಲಸಕ್ಕೆ ಬಾರದ ಹಳೆಯ ಶಾಸ್ತ್ರವೆಂದು ನಗುತ್ತಿದ್ದರೆ ಕೆಲವರು ಅದೊಂದು ತಪ್ಪಿದರೆ ಉದ್ಯೋಗವೇ ತಪ್ಪಿದಂತೆಂದು ಹೆದರಿ ಕುಳಿತಿರುವರೆಂದೂ ಬರೆದು, ಇವರಲ್ಲಿ ಯಾರ ಮಾತು ನಿಜವೆಂದು ಕೇಳಿರುವೆ. ಅಮೆರಿಕದ ವಕೀಲಿ ವೃತ್ತಿಯಲ್ಲಿ ಬಹುಕಾಲ ದುಡಿದು, ಸಂದರ್ಶನದ ಮೇಜಿನ ಆಚೆಬದಿಯಲ್ಲಿ ಕುಳಿತು, ಅಂಥ ಪತ್ರಗಳನ್ನು ಬೇಕಾದಷ್ಟು ಪಡೆದವನು ನಾನಾದುದರಿಂದ, ಒಂದು ಮಾತಿನಲ್ಲಿ ಉತ್ತರ ಹೇಳಿ ಮುಗಿಸಬಹುದೆಂದು ಲೇಖನಿ ಹಿಡಿದೆ, ಮಾತು ಬೆಳೆಯಿತು. ಮೈಸೂರು, ಬೆಂಗಳೂರು, ಧಾರವಾಡಗಳ ಕಡೆಯಿಂದ ಬಂದು ನಿನ್ನಂತೆಯೇ ಇಲ್ಲಿ ಕಾನೂನು ಓದುತ್ತಿರುವ ಬೇರೆ ಮಕ್ಕಳಿಗೂ ಉಪಯೋಗವಾದೀತೆಂದು, ನಿನ್ನ ಹೆಸರನ್ನು ಬಿಟ್ಟು, ಇದನ್ನೇ ಪತ್ರಿಕೆಗೂ ಕಳುಹಿಸುತ್ತಿದ್ದೇನೆ. ಕೋಪಿಸಿಕೊಳ್ಳಬೇಡ.

ಊರಿನಲ್ಲಿ ಕುಳಿತು ಇದನ್ನು ಓದುವವರ ಸಲುವಾಗಿ ಮೊದಲು ಎರಡು ಮಾತು. ನಮ್ಮಲ್ಲಿ ಹೊಸದಾಗಿ ಸನ್ನದು ಪಡೆದ ಹುಡುಗನೊಬ್ಬ ಹಿರಿಯ ವಕೀಲರ ಮನೆಯ ಕಚೇರಿಗೆ ಹೋಗಿ, ತಂದೆಯ ಅಥವಾ ಮಾವನ ಹೆಸರು ಹೇಳಿ, ಅವರು 'ಸರಿ, ನಾಳೆಯಿಂದ ಬಾರಯ್ಯ' ಎಂದರೆ ಮರುದಿನದಿಂದ ಕಡತ ಹೊರಲು ಆರಂಭಿಸುತ್ತಿದ್ದ ಕಾಲವನ್ನು ನಾನು ಕಂಡಿದ್ದೇನೆ. ಅಮೆರಿಕದ ದೊಡ್ಡ ಫರ್ಮುಗಳ ರೀತಿ ಬೇರೆ. ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ನ್ಯೂಯಾರ್ಕಿನ ಪಾಲ್ ಕ್ರವಾತ್ ಎಂಬ ವಕೀಲನು, ಒಳ್ಳೆಯ ಅಂಕ ಪಡೆದ ವಿದ್ಯಾರ್ಥಿಗಳನ್ನು ನೇರವಾಗಿ ಕಾಲೇಜಿನಿಂದಲೇ ಆರಿಸಿ ತಂದು, ತನ್ನ ಕಚೇರಿಯಲ್ಲಿಯೇ ಪಳಗಿಸಿ, ಅವರಲ್ಲಿ ಗಟ್ಟಿಯಾಗಿ ನಿಂತವರನ್ನು ಕಾಲಕ್ರಮದಲ್ಲಿ ಪಾಲುದಾರರನ್ನಾಗಿ ಮಾಡಿಕೊಳ್ಳುವ ಪದ್ಧತಿಯೊಂದನ್ನು ರೂಢಿಗೆ ತಂದನು. ಉಳಿದ ಫರ್ಮುಗಳು ಅದನ್ನೇ ಅನುಸರಿಸಿದವು. ಆದುದರಿಂದ ಮೂರು ವರ್ಷದ ಓದಿನಲ್ಲಿ ಮೊದಲನೆಯ ವರ್ಷದ ಅಂಕಗಳು ಕೈಗೆ ಬರುವ ಮುನ್ನವೋ ಬಂದ ಕೂಡಲೆಯೋ ವಿದ್ಯಾರ್ಥಿಗಳು ಸಂದರ್ಶನಗಳಿಗೆ ಸಜ್ಜಾಗಬೇಕು. ಮೊದಲ ಸುತ್ತಿನಲ್ಲಿ ಇಪ್ಪತ್ತು ನಿಮಿಷಗಳ ಮಾತು, ಅದರಲ್ಲಿ ಗೆದ್ದವರಿಗೆ ಕಾಲ್‌ಬ್ಯಾಕ್ ಎಂಬ ಎರಡನೆಯ ಸುತ್ತು. ಅಲ್ಲಿಯೂ ಗೆದ್ದರೆ ಎರಡನೆಯ ವರ್ಷದ ಬೇಸಿಗೆಯಲ್ಲಿ ಸುಮಾರು ಹತ್ತು ವಾರಗಳ ಸಮ್ಮರ್ ಅಸೋಸಿಯೇಟ್ ಹುದ್ದೆ, ಅದರ ಕೊನೆಗೆ ಓದು ಮುಗಿದ ಮೇಲಿನ ಖಾಯಂ ಕೆಲಸದ ಭರವಸೆ. ಈ ನೇಮಕಾತಿಯ ನಡವಳಿಕೆಯನ್ನು ಕುರಿತು ಮಾರ್ಗದರ್ಶನ ಮಾಡಲು 1971ರಲ್ಲಿ ಹುಟ್ಟಿದ ನಾಲ್ಪ್ ಎಂಬ ಸಂಘವೊಂದುಂಟು. ಫರ್ಮು ಕೊಟ್ಟ ಆಹ್ವಾನವನ್ನು ಒಪ್ಪಲು ವಿದ್ಯಾರ್ಥಿಗೆ ಇಪ್ಪತ್ತೆಂಟು ದಿನಗಳ ಅವಕಾಶವಿರಬೇಕೆಂದು ಅದು ಹಾಕಿಕೊಟ್ಟಿದ್ದ ಕಟ್ಟಳೆಯು 2018ರಲ್ಲಿ ತೆಗೆದುಹೋದ ಮೇಲೆ, ಎಲ್ಲವೂ ಹಿಂದಿಗಿಂತ ಬೇಗ, ಹಿಂದಿಗಿಂತ ಅವಸರದಿಂದ ನಡೆಯುತ್ತಿದೆ. ಈ ಅವಸರವು ನಿನ್ನ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದುದು.

ಹೇಗೆಂದರೆ, ಕಾಲ್‌ಬ್ಯಾಕಿನ ದಿನ ನೀನು ಕೋಣೆಯಿಂದ ಹೊರಬಿದ್ದ ಕೂಡಲೇ ಒಳಗೇನು ನಡೆಯುವುದೆಂಬುದನ್ನು ನೀನು ಕಂಡಿಲ್ಲ, ನಾನು ಕಂಡಿದ್ದೇನೆ. ಬಾಗಿಲು ಮುಚ್ಚಿದೊಡನೆ ಸಂದರ್ಶಕನು ರಿಕ್ರೂಟಿಂಗ್ ವಿಭಾಗದವರು ಮೊದಲೇ ಕಳುಹಿಸಿರುವ ಮೌಲ್ಯಮಾಪನದ ನಮೂನೆಯನ್ನು ತೆರೆದು, ಬುದ್ಧಿಗೆ ಇಷ್ಟು, ಮಾತಿಗೆ ಇಷ್ಟು, ನಮ್ಮಲ್ಲಿ ಹೊಂದಿಕೊಳ್ಳುವ ಗುಣಕ್ಕೆ ಇಷ್ಟು ಎಂದು ಗುರುತು ಹಾಕಿ, ಕೆಳಗಿನ ಖಾಲಿ ಚೌಕದಲ್ಲಿ ಎರಡು ವಾಕ್ಯ ಬರೆದು ಕಳುಹಿಸಿಬಿಡುತ್ತಾನೆ. ಮರೆತರೆ ಸಂಜೆಯೊಳಗೆ ರಿಕ್ರೂಟಿಂಗ್ ವಿಭಾಗದಿಂದ ನೆನಪಿನ ಓಲೆ ಬರುತ್ತದೆ. ಅವೆಲ್ಲವೂ ಒಂದುಗೂಡಿ ಆಯ್ಕೆ ಸಮಿತಿಯ ಮುಂದೆ ಹೋಗುತ್ತವೆ. ಸಮಿತಿಯು ಅದೇ ದಿನ ನಿರ್ಧರಿಸಿ ಫೋನು ಮಾಡುವುದೂ ಈಗ ಅಪರೂಪವಲ್ಲ. ನಿನ್ನ ಕೃತಜ್ಞತಾಪತ್ರವು, ನೀನೆಷ್ಟೇ ಶೀಘ್ರವಾಗಿ ಬರೆದರೂ, ಬಹುಮಟ್ಟಿಗೆ ತೀರ್ಪು ಬರೆದಾದ ಮೇಲೆ ಸಲ್ಲಿಸಿದ ವಾದವೇ ಆಗುತ್ತದೆ. ಪತ್ರದಿಂದ ಕೆಲಸ ಸಿಕ್ಕೀತೆಂದು ನಂಬಿದವರು ಈ ವ್ಯವಸ್ಥೆಯನ್ನು ಒಳಗಿನಿಂದ ಕಂಡವರಲ್ಲ. ಪತ್ರ ಬರೆಯದ ಕಾರಣಕ್ಕಾಗಿಯೇ ಒಬ್ಬ ಅಭ್ಯರ್ಥಿಯನ್ನು ಕೈಬಿಟ್ಟ ಪ್ರಸಂಗವನ್ನೂ ನಾನು ಕಂಡವನಲ್ಲ. ಅಲ್ಲಿಗೆ ನಗುವ ಸಹಪಾಠಿಗಳು ಗೆದ್ದಂತೆ ತೋರುತ್ತದೆ. ಆದರೆ ಬರೆದ ಪತ್ರವೇ ಬರೆದವನನ್ನು ಕೆಡಿಸಿದ ಪ್ರಸಂಗಗಳನ್ನು ಕಂಡಿದ್ದೇನೆ, ಮತ್ತು ಅಪರೂಪಕ್ಕೆ, ಬಹಳ ಅಪರೂಪಕ್ಕೆ, ಓದಿ ಸುಮ್ಮನೆ ಅಳಿಸಿಹಾಕಲು ಮನಸ್ಸು ಬಾರದೆ ವರ್ಷಗಟ್ಟಲೆ ಇಟ್ಟುಕೊಂಡ ಪತ್ರಗಳೂ ಉಂಟು. ಈ ಎರಡರ ನಡುವಣ ಅಂತರವನ್ನು ಕುರಿತೇ ನಾನು ನಿನಗೆ ಹೇಳಬೇಕಾಗಿದೆ.

ನಾವು ಬೆಳೆದ ಮನೆಗಳಲ್ಲಿ ಬಾಯಿಬಿಟ್ಟು ಕೃತಜ್ಞತೆ ಹೇಳುವ ರೂಢಿ ಕಡಿಮೆ. ಉಂಡ ಮನೆಯಿಂದ ಏಳುವಾಗ 'ಹೋಗಿಬರುತ್ತೇನೆ' ಎನ್ನುವೆವೇ ಹೊರತು ಬಡಿಸಿದವರಿಗೆ ವಂದನಾರ್ಪಣೆ ಮಾಡಿದರೆ ಅವರು ನಮ್ಮನ್ನು ಹೊರಗಿನವರೆಂದು ಭಾವಿಸಿ ನೊಂದುಕೊಳ್ಳುವರು. ಉಪಕಾರಕ್ಕೆ ಪ್ರತಿಯಾಗಿ ಮುಂದೆ ಯಾವಾಗಲೋ ಅವರ ಮನೆಯ ಮದುವೆಯಲ್ಲಿ ಪಂಕ್ತಿಗೆ ನೀರು ಬಡಿಸುವುದೇ ನಮ್ಮ ಕ್ರಮ. ಹೀಗೆ ಬೆಳೆದ ನಮ್ಮ ಮಕ್ಕಳು ಇಲ್ಲಿಯ ಕೃತಜ್ಞತಾಪತ್ರದ ಮುಂದೆ ಕುಳಿತಾಗ ಎರಡರಲ್ಲಿ ಒಂದು ದಾರಿ ಹಿಡಿಯುತ್ತಾರೆ. ಒಬ್ಬರು ಸಂಕೋಚಪಟ್ಟು ಬರೆಯುವುದೇ ಇಲ್ಲ. ಇನ್ನೊಬ್ಬರು, ತಾಲ್ಲೂಕು ಕಚೇರಿಗೆ ಅರ್ಜಿ ಗುಜರಾಯಿಸಿದ ಹಿರಿಯರ ವಂಶದಿಂದ ಬಂದವರಾಗಿ, 'ಮಾನ್ಯರೇ' ಎಂದು ಆರಂಭಿಸಿ, ತಮ್ಮ ಅಲ್ಪತ್ವವನ್ನೂ ಎದುರಿನವರ ಮಹತ್ವವನ್ನೂ ವರ್ಣಿಸಿ, ದಯಮಾಡಿ ಕೃಪಾಕಟಾಕ್ಷವಿರಿಸಬೇಕೆಂಬ ಧಾಟಿಯಲ್ಲಿ ಮುಗಿಸುತ್ತಾರೆ. ಅಮೆರಿಕನ್ ಪಾರ್ಟ್‌ನರನಿಗೆ ಇದನ್ನು ಓದಿ ಸಂತೋಷವಾಗುವುದಿಲ್ಲ; ಮುಜುಗರವಾಗುತ್ತದೆ. ನಾಳೆ ಕಕ್ಷಿದಾರನ ಎದುರಿನಲ್ಲಿ 'ತಾವು ಹೇಳುತ್ತಿರುವುದು ತಪ್ಪು' ಎಂದು ತನಗೆ ಹೇಳಬಲ್ಲ ಕಿರಿಯ ವಕೀಲನನ್ನು ಆತ ಹುಡುಕುತ್ತಿದ್ದಾನೆ. ಇಲ್ಲಿ ನಿನ್ನ ದೊಡ್ಡಮ್ಮ ಬಾಗಿಲಲ್ಲಿ ನಿಂತು, 'ಒಂದು ಡಬ್ಬ ಮೈಸೂರುಪಾಕು ಕಳುಹಿಸಿದರೆ ಏನು ತಪ್ಪು?' ಎಂದು ಕೇಳುತ್ತಿದ್ದಾಳೆ. ತಪ್ಪುಂಟು. ನಿನ್ನ ಯೋಗ್ಯತೆಯನ್ನು ತೂಗಬೇಕಾದವನ ಮೇಜಿನ ಮೇಲೆ ಯಾವ ಪದಾರ್ಥವನ್ನೂ ಇಡಬಾರದು, ತುಪ್ಪ ಎಷ್ಟೇ ಒಳ್ಳೆಯದಾಗಿರಲಿ.

ಹಾಗಾದರೆ ಬರೆಯುವುದೇನನ್ನು? ಹೆಚ್ಚಿನವರು ಬರೆಯುವುದು ಹೀಗಿರುತ್ತದೆ: 'ತಮ್ಮ ಅಮೂಲ್ಯ ಸಮಯವನ್ನು ನನಗಾಗಿ ವಿನಿಯೋಗಿಸಿದ್ದಕ್ಕೆ ವಂದನೆಗಳು. ತಮ್ಮ ಸಂಸ್ಥೆಯ ಸೌಹಾರ್ದಯುತ ವಾತಾವರಣವೂ ಅತ್ಯುನ್ನತ ದರ್ಜೆಯ ಕೆಲಸವೂ ನನ್ನನ್ನು ಬಹಳವಾಗಿ ಆಕರ್ಷಿಸಿವೆ. ನನ್ನ ಅನುಭವ ಮತ್ತು ಶ್ರಮಶೀಲತೆಗಳು ತಮ್ಮ ಸಂಸ್ಥೆಗೆ ಉಪಯುಕ್ತವಾಗುವುವೆಂದು ನಂಬಿದ್ದೇನೆ.' ಇದರಲ್ಲಿ ವ್ಯಾಕರಣದೋಷವಿಲ್ಲ, ಅವಿನಯವಿಲ್ಲ; ಆದರೆ ಸಂಸ್ಥೆಯ ಹೆಸರನ್ನು ಬದಲಿಸಿದರೆ ಇದನ್ನೇ ಪಕ್ಕದ ಕಟ್ಟಡದವರಿಗೂ ಕಳುಹಿಸಬಹುದು, ಮತ್ತು ಓದುವವನಿಗೆ ಅದು ಗೊತ್ತು. ವಂದನೆ ಎಂಬುದು ನೆಪಕ್ಕೆ ಮಾತ್ರ ಇದ್ದು ಒಳಗೆ ಅರ್ಜಿಯೇ ಕುಳಿತಿರುವ ಪತ್ರವಿದು. ಈಚೆಗೆ ಕಂಪ್ಯೂಟರಿನ ಯಂತ್ರಬುದ್ಧಿಯೇ ಇಂಥವನ್ನು ಕ್ಷಣಾರ್ಧದಲ್ಲಿ ಬರೆದುಕೊಡುವುದರಿಂದ, ಮೊದಲು ಅಪ್ರಯೋಜಕವಾಗಿದ್ದುದು ಈಗ ಅಪ್ರಯೋಜಕವೂ ಹೇರಳವೂ ಆಗಿದೆ.

ನಾನು ಇಟ್ಟುಕೊಂಡ ಪತ್ರಗಳಲ್ಲಿ ಒಂದನ್ನು ಹೇಳುತ್ತೇನೆ. ದಿವಾಳಿ ಕಾನೂನಿನ ವಿಭಾಗದಲ್ಲಿದ್ದ ನನ್ನನ್ನು ಒಬ್ಬ ವಿದ್ಯಾರ್ಥಿ, ಈ ಕೆಲಸದಲ್ಲಿ ತಮಗೆ ಮುಖ್ಯವೆನಿಸುವುದು ಯಾವುದು ಎಂದು ಕೇಳಿದ. ನಾನು ಡೆಲವೇರ್ ರಾಜ್ಯದ ವಿಲ್ಮಿಂಗ್ಟನ್ ನ್ಯಾಯಾಲಯದಲ್ಲಿ ದೊಡ್ಡ ಕಂಪನಿಯೊಂದು ದಿವಾಳಿ ಸಂಹಿತೆಯ ಹನ್ನೊಂದನೆಯ ಅಧ್ಯಾಯದ ಅರ್ಜಿ ಸಲ್ಲಿಸುವ ರಾತ್ರಿ ಹೇಗಿರುತ್ತದೆಂಬುದನ್ನು ವರ್ಣಿಸಿದೆ. ಅರ್ಜಿ ದಾಖಲಾದ ಕ್ಷಣದಿಂದ ಕಂಪನಿಯು ತನ್ನ ಹಳೆಯ ಸಾಲಗಳನ್ನು ನ್ಯಾಯಾಲಯದ ಅಪ್ಪಣೆಯಿಲ್ಲದೆ ತೀರಿಸುವಂತಿಲ್ಲ. ಅರ್ಜಿಗೆ ಮುಂಚಿನ ದಿನಗಳಲ್ಲಿ ಕೆಲಸಗಾರರು ದುಡಿದ ಕೂಲಿಯೂ ಆ ಲೆಕ್ಕದಲ್ಲಿ ಹಳೆಯ ಸಾಲವೇ. ಆದುದರಿಂದ ಮೊದಲ ದಿನವೇ ನ್ಯಾಯಾಧೀಶರ ಮುಂದೆ ಹೋಗಿ ಸಂಬಳ ಕೊಡಲು ಅಪ್ಪಣೆ ಬೇಡುವ ಮನವಿಯೊಂದಿರುತ್ತದೆ; ನೂರಾರು ಪುಟಗಳ ಕಡತದಲ್ಲಿ, ಶುಕ್ರವಾರ ಸಂಜೆ ಸಾವಿರಾರು ಮನೆಗಳಿಗೆ ಹಣ ತಲುಪುವುದೋ ಇಲ್ಲವೋ ಎಂಬುದು ಆ ಒಂದು ಮನವಿಯನ್ನು ಅವಲಂಬಿಸಿದೆ ಎಂದೆ. ಆ ಹುಡುಗನ ಪತ್ರ ಮರುದಿನ ಬೆಳಗ್ಗೆ ಬಂದಿತು. ಇಂಗ್ಲಿಷಿನಲ್ಲಿದ್ದುದನ್ನು ನೆನಪಿನಿಂದ ಕನ್ನಡಕ್ಕೆ ತರುತ್ತೇನೆ: 'ಸಂಬಳದ ಮನವಿಯ ವಿಷಯ ತಾವು ಹೇಳಿದ ಮೇಲೆ ನಿನ್ನೆ ರಾತ್ರಿ ಸಂಹಿತೆಯ 507ನೆಯ ಕಲಮನ್ನು ತೆಗೆದು ಓದಿದೆ. ಅಲ್ಲಿ ಒಬ್ಬೊಬ್ಬ ಕೆಲಸಗಾರನಿಗೂ ಹಾಕಿರುವ ಮಿತಿಯನ್ನು ಕಂಡು, ಅದಕ್ಕಿಂತ ಹೆಚ್ಚು ಬಾಕಿ ಇರುವವರ ಗತಿಯೇನೆಂದು ಯೋಚಿಸುತ್ತಿದ್ದೇನೆ. ಉತ್ತರ ಇನ್ನೂ ದೊರೆತಿಲ್ಲ. ದಿವಾಳಿ ಕಾನೂನಿನಲ್ಲಿ ಹುಡುಕಬೇಕಾದ ಪ್ರಶ್ನೆಯೊಂದನ್ನು ಕೊಟ್ಟಿದ್ದಕ್ಕೆ ವಂದನೆಗಳು.' ಇಷ್ಟೇ. ತನ್ನ ಶ್ರಮಶೀಲತೆಯ ವಿಷಯ ಒಂದಕ್ಷರವೂ ಇರಲಿಲ್ಲ. ಕೆಲಸ ಸಿಕ್ಕಿತೆ ಎಂದು ನೀನು ಕೇಳುವೆ. ಸಿಕ್ಕಿತು, ಆದರೆ ಆ ಪತ್ರ ಬರುವ ಹೊತ್ತಿಗೆ ಸಮಿತಿಯು ಒಪ್ಪಿಗೆ ಸೂಚಿಸಿಯಾಗಿತ್ತು, ಪತ್ರಕ್ಕೂ ಅದಕ್ಕೂ ಸಂಬಂಧವಿಲ್ಲ. ಸಂಬಂಧವಿದ್ದುದು ಮುಂದಿನ ಬೇಸಿಗೆಗೆ. ಆತ ನಮ್ಮಲ್ಲಿಗೆ ಬಂದ ಮೊದಲ ವಾರ, ಯಾರಿಗೆ ಯಾವ ಕೆಲಸ ಹಂಚಬೇಕೆಂದು ಕುಳಿತಾಗ, ಸಂಬಳದ ಮನವಿಯೊಂದರ ಕರಡನ್ನು ಯಾರ ಕೈಗೆ ಕೊಡಬೇಕೆಂಬುದನ್ನು ನಾನು ಯೋಚಿಸಬೇಕಾಗಲಿಲ್ಲ.

ಆ ಪತ್ರದಲ್ಲಿ ನನಗೆ ಮೆಚ್ಚಾದುದು, ಅದರ ವಿಷಯ ಬರೆದವನಾಗಿರದೆ ಮಾತಾಡಿದವನಾಗಿದ್ದುದು. ವಕೀಲನು ಮಾತಾಡಿ ಬದುಕುವವನೆಂದು ಲೋಕ ತಿಳಿದಿದೆ. ಈ ವೃತ್ತಿಯಲ್ಲಿ ಮುಕ್ಕಾಲು ಪಾಲು ಕೇಳುವುದೇ ಆಗಿರುತ್ತದೆ. ಕಕ್ಷಿದಾರನು ಗಂಟೆಗಟ್ಟಲೆ ಹೇಳಿದುದರಲ್ಲಿ ಮೊಕದ್ದಮೆಗೆ ಬೇಕಾದ ಒಂದು ಮಾತು ಎಲ್ಲಿ ಬಿತ್ತೆಂಬುದನ್ನು ಹಿಡಿಯುವವನೇ ಕೊನೆಗೆ ನಿಲ್ಲುತ್ತಾನೆ. ಸಂದರ್ಶನದಲ್ಲಿ ನಿನ್ನ ಮಾತನ್ನು ಅವರು ಅಳೆದಾಯಿತು. ನೀನು ಕೇಳಿಸಿಕೊಂಡೆಯೋ ಇಲ್ಲವೋ ಎಂಬುದನ್ನು ತೋರಿಸಲು ಪತ್ರವೊಂದೇ ಉಳಿದಿರುವ ಸ್ಥಳ.

ಆದರೆ ಕೇಳಿಸಿಕೊಂಡುದು ಸಂಜೆಯ ತನಕ ಉಳಿಯಬೇಕಲ್ಲ! ಕಾಲ್‌ಬ್ಯಾಕಿನ ದಿನ ನೀನು ಕೆಳಗಿನ ದ್ವಾರದಲ್ಲಿ ಹೆಸರು ಬರೆಸಿ, ಎದೆಗೆ ಚೀಟಿ ಅಂಟಿಸಿಕೊಂಡು, ಲಿಫ್ಟಿನಲ್ಲಿ ನಲವತ್ತನೆಯ ಮಹಡಿಗೋ ಎಲ್ಲಿಗೋ ಏರಿ, ಒಬ್ಬರಾದ ಮೇಲೊಬ್ಬರಂತೆ ನಾಲ್ಕೈದು ಮಂದಿಯ ಕೋಣೆಗಳಲ್ಲಿ ಅರ್ಧರ್ಧ ಗಂಟೆ ಕುಳಿತುಬರಬೇಕು. ಎಲ್ಲ ಕೋಣೆಗಳೂ ಒಂದೇ ಅಳತೆಯವು. ಎಲ್ಲರ ಕಪಾಟಿನಲ್ಲಿಯೂ, ಮುಗಿಸಿದ ದೊಡ್ಡ ವ್ಯವಹಾರಗಳ ಜ್ಞಾಪಕಾರ್ಥವಾಗಿ ಮಾಡಿಸಿದ, ಡೀಲ್ ಟಾಯ್ ಎಂದು ಕರೆಯುವ ಪಾರದರ್ಶಕ ಪ್ಲಾಸ್ಟಿಕ್ಕಿನ ಗಟ್ಟಿಗಳು, ಒಳಗೆ ಒಂದು ಪುಟ್ಟ ಹಡಗೋ ವಿಮಾನವೋ ಸಿಕ್ಕಿಹಾಕಿಕೊಂಡಂತೆ, ಸಾಲಾಗಿ ನಿಂತಿರುತ್ತವೆ. ಮಧ್ಯಾಹ್ನದ ಹೊತ್ತಿಗೆ ಯಾರು ಏನು ಹೇಳಿದರೆಂಬುದು ಕಲಸಿ ಹೋಗುವುದು ಸಹಜ. ತೆರಿಗೆಯ ವಕೀಲರಿಗೆ 'ತಮ್ಮ ವಿಲೀನದ ಕೆಲಸ'ದ ಬಗ್ಗೆ ಬರೆದವರನ್ನು ಬಲ್ಲೆ. ಆದುದರಿಂದ ಕಟ್ಟಡದಿಂದ ಹೊರಬಿದ್ದ ಕೂಡಲೇ ಮನೆಗೆ ಫೋನು ಮಾಡಬೇಡ, ಗೆಳತಿಯರಿಗೆ ಸುದ್ದಿ ಹೇಳಬೇಡ. ಮೊದಲು ಎದುರಿನ ಕಾಫಿ ಅಂಗಡಿಯಲ್ಲಿ ಕುಳಿತು ಅವರು ಕೊಟ್ಟ ವೇಳಾಪಟ್ಟಿಯ ಹಾಳೆಯ ಮೇಲೆಯೇ ಒಬ್ಬೊಬ್ಬರ ಹೆಸರಿನ ಪಕ್ಕದಲ್ಲಿ ಅವರಾಡಿದ ಒಂದೆರಡು ಮಾತನ್ನು ಗುರುತಿಸಿಕೊ. ನೀನು ಹೇಳಿದುದನ್ನು ಬರೆಯಬೇಡ. ಈ ಹಾಳೆಯೊಂದಿದ್ದರೆ ಪತ್ರ ಬರೆಯುವುದು ಅರ್ಧ ಗಂಟೆಯ ಕೆಲಸ.

ಇನ್ನು ಹೆಸರುಗಳು. ಇದನ್ನು ನಾನು ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ಪತ್ರವು ಬರೆದವನನ್ನು ಕೆಡಿಸಿದ ಪ್ರಸಂಗಗಳೆಂದೆನಲ್ಲ, ಅವುಗಳಲ್ಲಿ ಬಹುಪಾಲಿಗೆ ಹೆಸರಿನ ತಪ್ಪೇ ಕಾರಣ. ಅತ್ಯಂತ ಘೋರವಾದುದು, ಒಂದು ಫರ್ಮಿಗೆ ಬರೆದುದನ್ನೇ ನಕಲು ಮಾಡಿ ಇನ್ನೊಂದಕ್ಕೆ ಕಳುಹಿಸುವಾಗ ನಡುವೆ ಎಲ್ಲಿಯೋ ಹಳೆಯ ಫರ್ಮಿನ ಹೆಸರು ಹಾಗೆಯೇ ಉಳಿದುಬಿಡುವುದು. ಸೂಕ್ಷ್ಮವಾದವೂ ಉಂಟು. ಸಿಂಪ್ಸನ್ ಥ್ಯಾಚರ್ ಅಂಡ್ ಬಾರ್ಟ್‌ಲೆಟ್ ಎಂಬ ನ್ಯೂಯಾರ್ಕಿನ ಹಳೆಯ ಫರ್ಮಿನ ಎರಡನೆಯ ಹೆಸರಿನಲ್ಲಿ 'ಟಿ' ಅಕ್ಷರವು ಆರಂಭದಲ್ಲಿ ಒಂದೇ; ಬ್ರಿಟನ್ನಿನ ಪ್ರಧಾನಿಯಾಗಿದ್ದ ಥ್ಯಾಚರ್ ಅವರ ಹೆಸರಿನಲ್ಲಿರುವಂತೆ ನಡುವೆ ಮತ್ತೊಂದು ಬರುವುದಿಲ್ಲ. ವಿಲ್ಮರ್‌ಹೇಲ್ ಎಂಬುದನ್ನು ಬಿಡಿಸದೆ ಒಂದೇ ಪದವಾಗಿ ಬರೆಯಬೇಕು. ಪಾಲ್ ವೈಸ್ ಎಂದು ಎಲ್ಲರೂ ಕರೆಯುವ ಫರ್ಮಿನ ಪೂರ್ಣನಾಮದಲ್ಲಿ ಆ ಎರಡು ಹೆಸರುಗಳ ನಡುವೆ ಒಂದು ಅಲ್ಪವಿರಾಮವುಂಟು, ಏಕೆಂದರೆ ಅವರು ಇಬ್ಬರು ಬೇರೆ ಬೇರೆ ವ್ಯಕ್ತಿಗಳು. ಇದೆಲ್ಲ ಕ್ಷುಲ್ಲಕವೆಂದು ನಿನಗನ್ನಿಸಬಹುದು. ನಮ್ಮ ಊರಿನ ಮುನ್ಸೀಫ್ ಕೋರ್ಟಿನಲ್ಲಿ ಪ್ರತಿವಾದಿಯ ತಂದೆಯ ಹೆಸರು ತಪ್ಪಾಗಿ ನೋಟೀಸು ಜಾರಿಯಾಗದೆ ಹಿಂದಿರುಗಿ, ವಾಯಿದೆಯ ಮೇಲೆ ವಾಯಿದೆ ಬಿದ್ದು ದಾವೆ ಹಣ್ಣಾದುದನ್ನು ನಿನ್ನ ತಾತನಿಂದ ನೀನೂ ಕೇಳಿರುವೆ. ಇಲ್ಲಿ ಕಂಪನಿಯ ಹೆಸರಿನ ಕೊನೆಯಲ್ಲಿ ಒಂದು ಅಕ್ಷರ ವ್ಯತ್ಯಾಸವಾದರೆ ಅಡಮಾನದ ದಾಖಲೆಯೇ ಊರ್ಜಿತವಾಗದೆ ಹೋಗಬಹುದು. ಆದುದರಿಂದ ಹೆಸರು ತಪ್ಪಿದ ಪತ್ರವನ್ನು ಕಂಡಾಗ ಸಂದರ್ಶಕನು ಇದು ಅವಿನಯವೆಂದು ಭಾವಿಸುವುದಿಲ್ಲ. ಈ ಕೈಯಿಂದ ಮುಂದೆ ಬರಲಿರುವ ದಸ್ತಾವೇಜುಗಳನ್ನು ನೆನೆದು ಬೆಚ್ಚುತ್ತಾನೆ. ಆಯ್ಕೆಯ ತೀರ್ಪು ಬರೆಯದೆ ಉಳಿದಿದ್ದರೆ ಅಂಥ ಪತ್ರ ಒಡನೆಯೇ ಸಮಿತಿಗೆ ರವಾನೆಯಾಗುವುದು. ಒಳ್ಳೆಯ ಪತ್ರಕ್ಕೆ ಈ ವೇಗವಿಲ್ಲ.

ಸಂಬೋಧನೆಯ ವಿಷಯದಲ್ಲಿ ಇಲ್ಲಿಯವರು ಹೆಸರು ಹಿಡಿದು ಕರೆಯೆಂದೇ ಹೇಳುವರು. ಎದುರಿಗೆ ಹಾಗೆಯೇ ಕರೆಯಬಹುದು. ಮೊದಲನೆಯ ಪತ್ರದಲ್ಲಿ ಮಾತ್ರ ಕುಲನಾಮದ ಹಿಂದೆ ಮಿಸ್ಟರ್, ಮಿಸ್ ಎಂದು ಹಾಕಿ ಬರೆ. ಅವರು ಉತ್ತರದಲ್ಲಿ ಬರಿಯ ಹೆಸರಿನಿಂದ ಸಹಿ ಮಾಡಿದರೆ ಮುಂದೆ ನೀನೂ ಹಾಗೆಯೇ ಬರೆಯಬಹುದು.

ಯಾರ್ಯಾರಿಗೆ ಬರೆಯಬೇಕು? ಪ್ರತಿಯೊಬ್ಬರಿಗೂ ಪ್ರತ್ಯೇಕವಾಗಿ, ಬೇರೆ ಬೇರೆಯಾಗಿ. ಪಾರ್ಟ್‌ನರುಗಳಿಗೆ ಪುಟ್ಟ ಕಾವ್ಯವನ್ನೂ ಮಧ್ಯಾಹ್ನ ಊಟಕ್ಕೆ ಕರೆದೊಯ್ದ ಎಳೆಯ ಅಸೋಸಿಯೇಟುಗಳಿಗೆ ಒಂದು ಸಾಲನ್ನೂ ಬರೆಯುವ ಚಾತುರ್ಯವನ್ನು ಬಿಡು. ಆ ಊಟವೂ ಸಂದರ್ಶನವೇ. ಹೋಟೆಲಿನ ಮಾಣಿಯೊಡನೆ ನೀನು ಹೇಗೆ ಮಾತಾಡಿದೆಯೆಂಬುದೂ ಅವರ ನಮೂನೆಯಲ್ಲಿ ಬರುತ್ತದೆ. ಒಬ್ಬರಿಗೆ ಬಂದುದನ್ನು ಇನ್ನೊಬ್ಬರು ನೋಡುವುದು ಸಾಮಾನ್ಯ. ಎಲ್ಲರಿಗೂ ಒಂದೇ ಒಕ್ಕಣೆ ಹೋಗಿದ್ದರೆ ಪಕ್ಕದ ಕೋಣೆಯವರು ಅದನ್ನು ಓದಿ ನಕ್ಕು ಸುಮ್ಮನಾಗುವರು. ಎಲ್ಲಕ್ಕಿಂತ ಮಿಗಿಲಾಗಿ, ಈ ದಿನವನ್ನೆಲ್ಲ ಹೊಂದಿಸಿದ, ನಿನ್ನ ರೈಲು ತಡವಾದಾಗ ಐದು ಮಂದಿಯ ವೇಳೆಯನ್ನು ಹಿಂದುಮುಂದು ಮಾಡಿದ, ಎಲ್ಲರೂ ಬರೆಯಲು ಮರೆಯುವ ಒಬ್ಬ ವ್ಯಕ್ತಿಯಿರುತ್ತಾಳೆ, ರಿಕ್ರೂಟಿಂಗ್ ಕೋಆರ್ಡಿನೇಟರ್. ಅವಳಿಗೆ ಮೊದಲು ಬರೆ. ಅವಳ ಕೈಯಲ್ಲಿ ಏನೋ ಅಧಿಕಾರವಿದೆಯೆಂದು ಬರೆಯಬೇಡ. ಆ ದಿನ ನಿನಗೆ ನಿಜವಾಗಿ ಉಪಕಾರ ಮಾಡಿದವಳು ಅವಳೊಬ್ಬಳೇ ಎಂಬ ಕಾರಣಕ್ಕಾಗಿ ಬರೆ.

ಕೈಬರಹವೋ ಈ-ಮೇಲೋ ಎಂದು ಕೇಳಿರುವೆ. ಎಮಿಲಿ ಪೋಸ್ಟ್ ಎಂಬಾಕೆ 1922ರಲ್ಲಿ ಶಿಷ್ಟಾಚಾರವನ್ನು ಕುರಿತ ತನ್ನ ದೊಡ್ಡ ಗ್ರಂಥವನ್ನು ಪ್ರಕಟಿಸಿದ ಕಾಲದಲ್ಲಿ ಪತ್ರವೆಂದರೆ ಶಾಯಿಯ ಪತ್ರವೇ. 1879ರಿಂದ ಅಮೆರಿಕದ ನೋಟಿಗೆ ಕಾಗದ ಮಾಡಿಕೊಡುತ್ತ ಬಂದ ಮ್ಯಾಸಚೂಸೆಟ್ಸಿನ ಕ್ರೇನ್ ಎಂಬ ಮನೆತನದ ಕಂಪನಿಯು ಇಂಥ ಪತ್ರಗಳಿಗೆಂದು ದಪ್ಪನಾದ ಹತ್ತಿಯ ಕಾಗದದ ಕಾರ್ಡುಗಳನ್ನು ಮಾಡಿಯೇ ಹೆಸರು ಗಳಿಸಿತ್ತು. ನನ್ನ ಮೇಜಿನಲ್ಲಿ ಈಗಲೂ ಒಂದು ಪೆಟ್ಟಿಗೆಯುಂಟು. ಆದರೆ ಅಂಚೆಯ ಪತ್ರ ಕಟ್ಟಡದ ಟಪಾಲು ಕೋಣೆಯನ್ನು ದಾಟಿ ಮೇಜಿಗೆ ಬರುವ ಹೊತ್ತಿಗೆ ವಾರ ಕಳೆದಿರುತ್ತದೆ. ಈ-ಮೇಲನ್ನೇ ಕಳುಹಿಸು.

ಪತ್ರದಿಂದ ಕೆಲಸ ಸಿಕ್ಕುವುದಿಲ್ಲವೆಂದು ಇಷ್ಟು ಖಂಡಿತವಾಗಿ ಹೇಳಿದ ಮೇಲೆ, ಸಿಕ್ಕಿದ ಒಂದು ಪ್ರಸಂಗವನ್ನು ಹೇಳದಿದ್ದರೆ ಅನ್ಯಾಯವಾದೀತು. ಮುಂದೆ 1981ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಪ್ರಥಮ ಮಹಿಳಾ ನ್ಯಾಯಾಧೀಶೆಯಾದ ಸಾಂಡ್ರಾ ಡೇ ಒಕಾನರ್, ಸ್ಟಾನ್‌ಫರ್ಡಿನಿಂದ 1952ರಲ್ಲಿ ಉತ್ತಮ ಶ್ರೇಣಿಯಲ್ಲಿ ಕಾನೂನು ಪದವಿ ಪಡೆದು ಹೊರಬಂದಾಗ, ಕ್ಯಾಲಿಫೋರ್ನಿಯದ ಫರ್ಮುಗಳು ಹೆಂಗಸರನ್ನು ತೆಗೆದುಕೊಳ್ಳುವುದಿಲ್ಲವೆಂದು ಮುಖಕ್ಕೆ ಹೇಳಿದವು. ಒಂದು ಕಡೆ, ಟೈಪಿಂಗ್ ಬಂದರೆ ಸೆಕ್ರೆಟರಿಯ ಕೆಲಸ ಕೊಡಬಹುದೆಂಬ ಮಾತು ಬಂದಿತು. ಎಂಥ ವಂದನಾಪತ್ರವಾದರೂ ಆ ಬಾಗಿಲುಗಳನ್ನು ತೆರೆಯುತ್ತಿರಲಿಲ್ಲ ಎಂಬುದನ್ನು ನೆನಪಿನಲ್ಲಿಡು. ಅನಂತರ ಆಕೆ, ಸ್ಯಾನ್ ಮಟಿಯೋ ಕೌಂಟಿಯ ಸರಕಾರಿ ವಕೀಲರು ಹಿಂದೊಮ್ಮೆ ಮಹಿಳೆಯೊಬ್ಬಳನ್ನು ನೇಮಿಸಿಕೊಂಡಿದ್ದರೆಂದು ಕೇಳಿ, ಅವರನ್ನು ಹೋಗಿ ಕಂಡಳು. ಅವರು ಸೌಜನ್ಯದಿಂದಲೇ ಮಾತಾಡಿದರು. ಆದರೆ ಇನ್ನೊಬ್ಬರಿಗೆ ಸಂಬಳ ಕೊಡಲು ಹಣವಿಲ್ಲ, ಕೂರಿಸಲು ಕೋಣೆಯೂ ಇಲ್ಲ ಎಂದರು. ಆಕೆ ಹಿಂದಿರುಗಿ ಒಂದು ಪತ್ರ ಬರೆದಳು. ಹಣ ಒದಗುವ ತನಕ ಸಂಬಳವಿಲ್ಲದೆ ದುಡಿಯಲು ಸಿದ್ಧವೆಂದೂ, ಕೋಣೆಯಿಲ್ಲವೆಂಬುದು ನಿಜವಾದರೂ ತಮ್ಮ ಸೆಕ್ರೆಟರಿಯನ್ನು ತಾನು ಮಾತಾಡಿಸಿದ್ದಾಗಿಯೂ, ಆಕೆಯ ಕೋಣೆಯಲ್ಲಿ ಇನ್ನೊಂದು ಮೇಜು ಹಿಡಿಸುವುದೆಂದೂ, ಆಕೆಯ ಅಭ್ಯಂತರವಿಲ್ಲವೆಂದೂ ತಿಳಿಸಿದಳು. ಒಕಾನರಳ ಮೊದಲ ವಕೀಲಿ ಉದ್ಯೋಗ ಹಾಗೆ ಆರಂಭವಾಯಿತು.

ಆ ಪತ್ರವನ್ನು ಸ್ವಲ್ಪ ಹೊತ್ತು ಮನಸ್ಸಿನಲ್ಲಿಟ್ಟುಕೊಂಡು ನೋಡು. ಭೇಟಿಯಲ್ಲಿ ಆ ಅಧಿಕಾರಿ ಹೇಳಿದ ಎರಡು ಅಡ್ಡಿಗಳಿಗೆ ಎರಡು ಉತ್ತರಗಳು ಅದರಲ್ಲಿವೆ. ಎರಡನೆಯದನ್ನು ಆಕೆ ಹೊರಗಿನ ಕೋಣೆಯಲ್ಲಿ, ಬೇರೆಯವರು ಲೆಕ್ಕಿಸದೆ ದಾಟಿಹೋಗುವ ಮೇಜಿನ ಬಳಿ ನಿಂತು ಸಂಪಾದಿಸಿದ್ದಳು. ಸಂಬಳವಿಲ್ಲದೆ ದುಡಿಯುವೆನೆಂದು ನೀನು ಯಾರಿಗೂ ಬರೆಯಬೇಕಾಗಿಲ್ಲ. ಅದು ಆ ಕಾಲದ ಅನ್ಯಾಯ ಆಕೆಯಿಂದ ವಸೂಲು ಮಾಡಿದ ದಂಡ, ಅನುಕರಣೀಯವಲ್ಲ. ಮೇಜಿನ ಸಂಗತಿ ಮಾತ್ರ ಅನುಕರಣೀಯ. 'ನಮ್ಮ ವಿಭಾಗದಲ್ಲಿ ಸ್ಪ್ಯಾನಿಷ್ ಬಲ್ಲವರು ಬೇಕಾಗಿದ್ದಾರೆ' ಎಂದೋ 'ನೀವು ಬೇಸಿಗೆಯ ಬಳಿಕ ನ್ಯೂಯಾರ್ಕಿನಲ್ಲಿ ನಿಲ್ಲುವಿರೋ ಊರಿಗೆ ಹೋಗಿಬಿಡುವಿರೋ' ಎಂದೋ ನಿನ್ನನ್ನು ಕುರಿತು ಯಾರಾದರೂ ಒಂದು ಸಂದೇಹವನ್ನು ಬಾಯಿಬಿಟ್ಟು ಆಡಿದ್ದರೆ, ನಿನ್ನ ಬಳಿ ಅದಕ್ಕೆ ನಿಜವಾದ ಉತ್ತರವಿದ್ದರೆ, ಒಂದು ವಾಕ್ಯದಲ್ಲಿ ಅದನ್ನು ಹೇಳು. ಇಲ್ಲದಿದ್ದರೆ ಹೊಸ ವಾದ ಹೂಡಬೇಡ. ಪ್ರಶ್ನೆಯೊಂದಕ್ಕೆ ಸರಿಯಾಗಿ ಉತ್ತರಿಸಲಿಲ್ಲವೆಂದು ರಾತ್ರಿಯೆಲ್ಲ ಹೊರಳಾಡಿ, ಬೆಳಗ್ಗೆ ಎದ್ದು ಪತ್ರದಲ್ಲಿ ತಿದ್ದುಪಡಿ ಸಲ್ಲಿಸುವವರುಂಟು. ಸಂದರ್ಶಕನು ಆ ತಪ್ಪನ್ನು ಗಮನಿಸಿಯೇ ಇರಲಿಲ್ಲ, ಈಗ ಗಮನಿಸುತ್ತಾನೆ. ಫಲಿತಾಂಶ ಯಾವಾಗ ತಿಳಿಯುವುದೆಂದು ಕೇಳುವ ಸ್ಥಳವೂ ಇದಲ್ಲ. ಅದನ್ನು ವಾರ ಕಳೆದ ಮೇಲೆ ಕೋಆರ್ಡಿನೇಟರಳನ್ನು ಕೇಳು. ನಿನ್ನ ಪತ್ರಕ್ಕೆ ಉತ್ತರ ಬಾರದಿದ್ದರೆ ಅದರಿಂದ ಯಾವ ಶಕುನವನ್ನೂ ತೆಗೆಯಬೇಡ. ನಾನು ಅಂಥ ಪತ್ರಗಳಿಗೆ ಉತ್ತರಿಸುತ್ತಿದ್ದುದು ಕಡಿಮೆ, ಮೆಚ್ಚಿದವುಗಳಿಗೂ ಕೂಡ.

ಕೆಲಸವಿಲ್ಲವೆಂದು ಬಂದಾಗ ಬರೆಯುವ ಪತ್ರದ ಮಾತು ಒಂದಿದೆ. ಹಾಗೆ ಬರೆಯುವವರು ಬಹಳ ವಿರಳ. ನಾನು ಅದನ್ನು ಒತ್ತಾಯ ಮಾಡುವುದಿಲ್ಲ, ಏಕೆಂದರೆ ನೋವಿರುವಾಗ ಬರೆದ ವಿನಯದಲ್ಲಿ ಹಲ್ಲು ಕಚ್ಚಿದ ಗುರುತು ಕಾಣಿಸುತ್ತದೆ. ಮೇಜಿನ ಆಚೆಬದಿಯ ಒಬ್ಬರ ಮಾತು ನಿನಗೆ ನಿಜವಾಗಿ ಹಿಡಿಸಿದ್ದರೆ, ತಿಂಗಳೊಪ್ಪತ್ತು ಕಳೆದು ನೋವು ಆರಿದ ಮೇಲೆ, ಅವರೊಬ್ಬರಿಗೆ ಎರಡು ಸಾಲು ಬರೆ. ನ್ಯೂಯಾರ್ಕಿನ ವಕೀಲರು ಆಗಾಗ ಫರ್ಮು ಬದಲಿಸುತ್ತಲೇ ಇರುತ್ತಾರೆ. ಯಾರು ಎಲ್ಲಿ ಮತ್ತೆ ಎದುರಾಗುವರೋ ತಿಳಿಯದು.

ನಿನ್ನ ಮೊದಲ ಕಾಲ್‌ಬ್ಯಾಕು ಮ್ಯಾನ್‌ಹಟನ್ನಿನಲ್ಲೆಂದು ಬರೆದಿರುವೆ. ಅದು ಮುಗಿದ ಸಂಜೆ ವಸತಿಗೃಹಕ್ಕೆ ಹೋಗದೆ, ಪೆನ್ ಸ್ಟೇಷನ್ನಿನಲ್ಲಿ ನ್ಯೂಜೆರ್ಸಿಯ ರೈಲು ಹಿಡಿದು ಎಡಿಸನ್ನಿನಲ್ಲಿ ಇಳಿ. ನಾನು ಕಾರು ತೆಗೆದುಕೊಂಡು ಬರುತ್ತೇನೆ. ರೈಲಿನಲ್ಲಿ ಕೂರಲು ಜಾಗ ಸಿಕ್ಕಿದರೆ ಕರಡು ಬರೆದಿಟ್ಟುಕೊ, ಆದರೆ ಅಲ್ಲಿಂದಲೇ ಕಳುಹಿಸಬೇಡ. ಊಟವಾದ ಮೇಲೆ ಹೆಸರುಗಳನ್ನು ಫರ್ಮಿನ ಜಾಲತಾಣದೊಡನೆ ಒಂದೊಂದಾಗಿ ತಾಳೆ ನೋಡಿ ಕಳುಹಿಸುವೆಯಂತೆ. ನನಗೆ ತೋರಿಸಬೇಕಾಗಿಲ್ಲ. ದೊಡ್ಡಮ್ಮ ಬಿಸಿಬೇಳೆಭಾತು ಮಾಡುವೆನೆಂದಿದ್ದಾಳೆ. ಮೈಸೂರುಪಾಕು ಕೂಡ, ನಿನಗಾಗಿ.

ಇಂತಿ ಆಶೀರ್ವಾದಗಳೊಂದಿಗೆ,
ನಿನ್ನ ದೊಡ್ಡಪ್ಪ